ನೀರಿಳಿದ ಮೇಲೆ ಬರುವವನು

ಮಗ ಇಂಜಿನಿಯರಿಂಗ್ ಮುಗಿಸಿದನೆಂದರೆ ಹೆತ್ತವರ ಕಣ್ಣು ಎಲೆಕ್ಟ್ರಾನಿಕ್ ಸಿಟಿಯತ್ತಲೋ ವೈಟ್‌ಫೀಲ್ಡಿನತ್ತಲೋ ಹೊರಳುವುದು ವಾಡಿಕೆ. ಅದೇ ಪದವಿಗೆ ತುಮಕೂರು ರಸ್ತೆಯ ಪೀಣ್ಯದಲ್ಲಿ ಇನ್ನೊಂದು ದಾರಿಯೂ ಉಂಟು. ಬೆಂಕಿ, ನೆರೆ, ಬಿರುಗಾಳಿಯಿಂದಾದ ಹಾನಿಯನ್ನು ಅಳೆದು ಬೆಲೆ ಕಟ್ಟುವ ವಿಮಾ ಸರ್ವೇಯರ್ ವೃತ್ತಿ ಅದು.

ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿವೆ. ಒಂದು ರಾತ್ರಿಯ ಜಡಿಮಳೆಗೆ ಚರಂಡಿ ಉಕ್ಕಿ ಶೆಡ್ಡಿನೊಳಗೆ ಮೊಣಕಾಲುದ್ದ ನೀರು ನಿಂತರೆ ಮಾಲೀಕನಿಗೆ ಮೊದಲು ನೆನಪಾಗುವುದು ಬ್ಯಾಂಕಿನ ಕಂತು, ಆಮೇಲೆ ಕೆಲಸಗಾರರ ಸಂಬಳ. ‘ವಿಮೆ ಇದೆಯಲ್ಲ’ ಎಂಬುದೊಂದೇ ಸಮಾಧಾನ. ಆದರೆ ಎಷ್ಟು ಬರುತ್ತದೆ? ಆ ಲೆಕ್ಕ ಹಾಕಲು ಬರುವವನೇ ಸರ್ವೇಯರ್.

ಈ ವೃತ್ತಿಗೆ ಇಳಿಯಲು ಇಂಜಿನಿಯರಿಂಗ್ ಪದವಿಯೋ ಚಾರ್ಟರ್ಡ್ ಅಕೌಂಟೆಂಟ್‌ನಂಥ ಅರ್ಹತೆಯೋ ಬೇಕು. ಅನುಭವಿ ಸರ್ವೇಯರೊಬ್ಬರ ಕೈಕೆಳಗೆ ಒಂದು ವರ್ಷ ತರಬೇತಿ, ಮುಂಬೈಯ ಭಾರತೀಯ ವಿಮಾ ಸಂಸ್ಥೆ ನಡೆಸುವ ಪರೀಕ್ಷೆ, ಬಳಿಕ ಹೈದರಾಬಾದಿನ ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ. ಬೆಂಕಿ, ಇಂಜಿನಿಯರಿಂಗ್, ಮೋಟಾರು, ಸಾಗರ ಸರಕು, ಬೆಳೆ ಹೀಗೆ ವಿಭಾಗಗಳು ಬೇರೆ ಬೇರೆ.

ತರಬೇತಿಗೆ ಸೇರಿದ ಹುಡುಗ ಮೊದಲು ಕಲಿಯುವುದು ಗೋಡೆ ಓದುವುದನ್ನು. ನೀರು ಇಳಿದರೂ ಕೆಸರಿನ ಗೆರೆ ಉಳಿದಿರುತ್ತದೆ. ಆ ಗೆರೆಗಿಂತ ಎತ್ತರದಲ್ಲಿದ್ದ ಮೋಟಾರು ನೀರಿನಲ್ಲಿ ಮುಳುಗಿತೆಂದರೆ ನಂಬುವಂತಿಲ್ಲ. ಗೆರೆಯ ಕೆಳಗಿನದನ್ನು ಮರೆಯುವಂತೆಯೂ ಇಲ್ಲ. ಒದ್ದೆಯಾದ ಸಿಎನ್‌ಸಿ ಯಂತ್ರದ ಸ್ವಿಚ್ಚು ಹಾಕಬೇಡಿ ಎಂದು ಮಾಲೀಕನಿಗೆ ಕೂಡಲೇ ಹೇಳಬೇಕು. ತೊಳೆದು ಒಣಗಿಸಿದರೆ ಉಳಿಯಬಹುದಾದ ಸರ್ಕಿಟ್, ಕರೆಂಟು ಹರಿದರೆ ಸುಟ್ಟೇ ಹೋಗುತ್ತದೆ. ಶಾಲೆಯಲ್ಲಿ ಕಲಿತ ವಿಜ್ಞಾನ ಇಲ್ಲಿ ಲಕ್ಷಗಟ್ಟಲೆ ರೂಪಾಯಿ ಉಳಿಸುತ್ತದೆ.

ಕಷ್ಟದ ಪಾಠ ಬರುವುದು ಲೆಕ್ಕದಲ್ಲಿ. 40 ಲಕ್ಷ ಬೆಲೆಯ ಯಂತ್ರಗಳಿಗೆ ಪ್ರೀಮಿಯಂ ಉಳಿಸಲೆಂದು 20 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳೋಣ. ನಷ್ಟ 10 ಲಕ್ಷ. ಕೈಗೆ ಬರುವುದು ಹೆಚ್ಚೆಂದರೆ 5 ಲಕ್ಷ. ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದವನು ಉಳಿದರ್ಧ ನಷ್ಟವನ್ನು ತಾನೇ ಹೊರಬೇಕೆಂಬುದು ನಿಯಮ. 2021ರ ಏಪ್ರಿಲ್‌ನಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿಯಿದೆ, ಅರ್ಧದಷ್ಟು ಕೊರತೆಗಿಲ್ಲ. ಇದನ್ನು ಕೆಸರಿನಲ್ಲಿ ನಿಂತ ಮನುಷ್ಯನ ಮುಖ ನೋಡಿ ಹೇಳಬೇಕು. ‘ಹೇಗಾದರೂ ಮಾಡಿ ಸಾರ್’ ಎಂದು ಅವನು ಕೈ ಮುಗಿಯುತ್ತಾನೆ. ಅತ್ತ ಶುಲ್ಕ ಕೊಡುವ ಕಂಪನಿಗೆ ಮೊತ್ತ ಕಡಿಮೆಯಾದಷ್ಟೂ ಸಂತೋಷ. ಅತ್ತ ದರಿ, ಇತ್ತ ಪುಲಿ!

ಸ್ವತಂತ್ರ ಸರ್ವೇಯರ್ ಎಂಬ ಹೆಸರಿನಲ್ಲಿರುವ ‘ಸ್ವತಂತ್ರ’ದ ಪರೀಕ್ಷೆ ನಡೆಯುವುದು ಆ ಗಳಿಗೆಯಲ್ಲೇ. ಕನಿಕರಕ್ಕೆ ಒಂದು ರೂಪಾಯಿ ಏರಿಸುವಂತಿಲ್ಲ, ಮುಂದಿನ ಕೆಲಸದ ಆಸೆಗೆ ಒಂದು ರೂಪಾಯಿ ಇಳಿಸುವಂತಿಲ್ಲ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಿದೆ. ಆದ್ದರಿಂದ ಬರೆದ ಪ್ರತಿ ಅಂಕಿಗೂ ಕಾರಣ ಕೊಡಬೇಕು.

ಹೊಸಬನಿಗೆ ಆದಾಯವೂ ಮಳೆಯಂತೆಯೇ, ಒಮ್ಮೆ ಸುರಿದರೆ ಒಮ್ಮೆ ಬರ. ಅಮೆರಿಕದಲ್ಲಿ ಚಂಡಮಾರುತದ ಬೆನ್ನು ಹತ್ತಿ ರಾಜ್ಯದಿಂದ ರಾಜ್ಯಕ್ಕೆ ಹೋಗಿ ದುಡಿಯುವ ನಷ್ಟ ಅಂದಾಜುಗಾರರೇ ಇದ್ದಾರೆ. ನಮ್ಮಲ್ಲೂ 2015ರ ಚೆನ್ನೈ ನೆರೆ, 2018ರ ಕೊಡಗಿನ ಭೂಕುಸಿತ, 2022ರ ಸೆಪ್ಟೆಂಬರಿನ ಬೆಂಗಳೂರು ನೆರೆಯಂಥ ಹೊತ್ತಿನಲ್ಲಿ ಕ್ಲೇಮುಗಳು ಒಟ್ಟಿಗೇ ಬಂದು ಬೀಳುತ್ತವೆ, ಆಗ ಹಗಲು ರಾತ್ರಿ ದುಡಿತ. ಉಳಿದ ತಿಂಗಳುಗಳಲ್ಲಿ ಗುದ್ದಿದ ಕಾರು, ಸುಟ್ಟ ಟ್ರಾನ್ಸ್‌ಫಾರ್ಮರ್, ನೆನೆದ ಗೋದಾಮುಗಳೇ ಅನ್ನ. ಮೊದಲ ಕೆಲವು ವರ್ಷ ಮನೆಯವರು ಕೈ ಹಿಡಿಯದಿದ್ದರೆ ನಿಲ್ಲುವುದು ಕಷ್ಟ.

ತಿಂಗಳ ಮೊದಲ ದಿನವೇ ಸಂಬಳ ಬರಬೇಕೆನ್ನುವವರಿಗೆ ಇದು ಹೇಳಿದ ಕೆಲಸವಲ್ಲ. ಆದರೆ ಯಂತ್ರದ ಒಳಗನ್ನು ಬಿಚ್ಚಿ ನೋಡುವ ಕುತೂಹಲವೂ ಅಪ್ರಿಯ ಸತ್ಯವನ್ನು ಮೆತ್ತಗೆ ಹೇಳುವ ಗುಣವೂ ಇರುವ ಮಗನೋ ಮಗಳೋ ಮನೆಯಲ್ಲಿದ್ದರೆ, ಹೆತ್ತವರು ಈ ದಾರಿಯನ್ನೂ ಒಮ್ಮೆ ತೋರಿಸಬಹುದು. ಹಾಗೆಯೇ ತಮ್ಮ ಅಂಗಡಿಯ ವಿಮೆ ಪೂರ್ತಿ ಬೆಲೆಗಿದೆಯೇ ಎಂದು ಪಾಲಿಸಿಯನ್ನೂ ಒಮ್ಮೆ ತೆಗೆದು ನೋಡಬಹುದು.