ದನಿಯ ಗೌರವ

ಸುದ್ದಿ ಹೇಳುವ ದನಿ ಗಂಭೀರವಾಗಿರಬೇಕು, ಗಂಭೀರವಾದ ದನಿ ಗಂಡಸಿನದೇ ಆಗಿರಬೇಕು ಎಂಬ ಭಾವನೆ ಲೋಕದಲ್ಲಿ ಬಹುಕಾಲ ಬೇರೂರಿತ್ತು. ವಾದ ಮಾಡಿಯಲ್ಲ, ಕೆಲಸ ಮಾಡಿಯೇ ಅದನ್ನು ಸುಳ್ಳಾಗಿಸಿದ ಒಬ್ಬ ಮಹಿಳೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ಅಮೆರಿಕದ ಸೂಸನ್ ಸ್ಟ್ಯಾಂಬರ್ಗ್ ಎಂಬವರೇ ಆಕೆ.

1938ರಲ್ಲಿ ನ್ಯೂವಾರ್ಕ್ ನಗರದಲ್ಲಿ ಜನಿಸಿದ ಈಕೆ, 1970ರಲ್ಲಿ ಸ್ಥಾಪಿತವಾದ ‘ನ್ಯಾಷನಲ್ ಪಬ್ಲಿಕ್ ರೇಡಿಯೊ’ ಎಂಬ ಸಾರ್ವಜನಿಕ ಬಾನುಲಿ ಸಂಸ್ಥೆಯನ್ನು ಅದರ ಆರಂಭಕಾಲದಲ್ಲಿಯೇ ಸೇರಿದರು. ಮೊದಲು ದೊರೆತದ್ದು ಮಾತನಾಡುವ ಕೆಲಸವಲ್ಲ, ಮಾತನ್ನು ಕತ್ತರಿಸುವ ಕೆಲಸ. ಧ್ವನಿಮುದ್ರಣದ ಟೇಪನ್ನು ಬ್ಲೇಡಿನಿಂದ ಕೊಯ್ದು, ಬೇಡದುದನ್ನು ತೆಗೆದು, ಉಳಿದುದನ್ನು ಅಂಟಿಸಬೇಕು. ಆದರೂ ಮಾತನಾಡಿದವರ ಅಭಿಪ್ರಾಯ ಎಳ್ಳಷ್ಟೂ ಕೆಡಬಾರದು. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವರೆಂದು ನಮ್ಮ ವೈಯಾಕರಣರನ್ನು ಕುರಿತು ಹೇಳುವುದುಂಟು. ಸಂಪಾದಕರ ಕಸುಬೂ ಅದೇ ಜಾತಿಯದು.

1972ರಲ್ಲಿ ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಎಂಬ ಸಾಯಂಕಾಲದ ವಾರ್ತಾ ಕಾರ್ಯಕ್ರಮದ ನಿರ್ವಹಣೆ ಅವರ ಪಾಲಿಗೆ ಬಂದಿತು. ಇಡೀ ದೇಶಕ್ಕೆ ಪ್ರತಿಸಂಜೆ ಪ್ರಸಾರವಾಗುವ ವಾರ್ತಾ ಕಾರ್ಯಕ್ರಮವನ್ನು ಮಹಿಳೆಯೊಬ್ಬರು ನಡೆಸಿದ್ದು ಅಲ್ಲಿ ಅದೇ ಮೊದಲು. ಮಾದರಿಯಾಗಿ ಕೇಳೋಣವೆಂದರೆ ಮತ್ತೊಂದು ಹೆಣ್ಣುದನಿಯಿಲ್ಲ. ಆದುದರಿಂದ ಗಂಡಸರಂತೆ ದನಿಯನ್ನು ತಗ್ಗಿಸಿ ಮಾತನಾಡತೊಡಗಿದರು. ಕಾರ್ಯಕ್ರಮಗಳ ಮುಖ್ಯಸ್ಥರಾಗಿದ್ದ ಬಿಲ್ ಸೀಮರಿಂಗ್, ನೀವು ನೀವಾಗಿಯೇ ಇರಿ ಎಂದು ತಿಳಿಯಹೇಳಿದರು. ಹೆಂಗಸಿನ ದನಿಯಲ್ಲಿ ತೂಕವಿಲ್ಲವೆಂದು ಕೆಲವು ನಿಲಯಗಳ ಅಧಿಕಾರಿಗಳು ದೂರಿದಾಗಲೂ ಆತ ಬೆಂಬಲ ಬಿಡಲಿಲ್ಲ.

ಇಂತಹ ದೂರು ನಮಗೂ ಹೊಸದಲ್ಲ. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ವರದಿಯನ್ನು ಓದಲು ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಸೂಚಿಸಿದ್ದೆ. ಅವಳ ಉಚ್ಚಾರಣೆ ನಿರ್ದುಷ್ಟವಾದುದು. ಸಭೆಗೆ ಗಂಡುದನಿಯೇ ಶೋಭೆಯೆಂದು ಹಿರಿಯರು ಕೆಲಸವನ್ನು ಹುಡುಗನೊಬ್ಬನಿಗೆ ಒಪ್ಪಿಸಿದರು. ಅನಂತರ ಆ ಹುಡುಗಿ ತರಗತಿಯಲ್ಲಿಯೂ ಓದಲು ಏಳುತ್ತಿರಲಿಲ್ಲ. ಒಂದು ಮಾತಿಗೆ ಒಂದು ಕಂಠ ಅಡಗಿಹೋಯಿತು.

ಪಾಣಿನೀಯ ಶಿಕ್ಷೆಯಲ್ಲಿ ಓದುವವರ ಗುಣದೋಷಗಳನ್ನು ಎಣಿಸಿದ್ದಾರೆ. ರಾಗವೆಳೆಯುವುದು, ಅವಸರಪಡುವುದು, ಅರ್ಥವರಿಯದೆ ಓದುವುದು ದೋಷಗಳು. ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದವಿಭಾಗ, ಧೈರ್ಯ ಗುಣಗಳು. ಕ್ಷೀಣವಾದ ಕಂಠವೂ ದೋಷವೆಂದಿರುವುದು ನಿಜ. ಆದರೆ ಕ್ಷೀಣವಾದ ದನಿ ಬೇರೆ, ಹೆಣ್ಣಿನ ದನಿ ಬೇರೆ.

ಸ್ಟ್ಯಾಂಬರ್ಗ್ ಅವರು ಆ ಕಾರ್ಯಕ್ರಮವನ್ನು ಹದಿನಾಲ್ಕು ವರ್ಷ ನಡೆಸಿದರು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರೊಡನೆ ಕುಳಿತು, ಜನರು ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಪಡೆಯುವ ಎರಡು ಗಂಟೆಗಳ ಪ್ರಸಾರವನ್ನು ನಿರ್ವಹಿಸಿದರು. ಅದೇ ದನಿ, ಹಬ್ಬದ ಕಾಲಕ್ಕೆ, ಅತ್ತೆಯವರಿಂದ ಬಂದ ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜನ್ನು ಮಾಡುವ ಬಗೆಯನ್ನೂ ವರ್ಷವರ್ಷ ಹೇಳುತ್ತಿತ್ತು. ರಾಜ್ಯದ ವಿಚಾರಕ್ಕೊಂದು, ಅಡಿಗೆಮನೆಗೊಂದು ಎಂದು ಎರಡು ದನಿಗಳನ್ನು ಅವರು ಇಟ್ಟುಕೊಳ್ಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾಗಿ, ಅಕ್ಟೋಬರಿನಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಗೃಹಸ್ಥರಾದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಹೆಣ್ಣುಮಕ್ಕಳಿಂದ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಎಲ್ಲರೂ ಕುಳಿತು ಕೇಳಿರಿ. ಉಚ್ಚಾರಣೆ ತಪ್ಪಿದರೆ ತಿದ್ದಿರಿ. ದನಿಯನ್ನು ಅವರಿಗೇ ಬಿಟ್ಟುಬಿಡಿರಿ.