ಕ್ಲಚ್ ಒತ್ತಿ ನೋಡುವ ಸುಖ

ಕಾರು ರಿಪೇರಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಹೈಡ್ರಾಲಿಕ್ ಕ್ಲಚ್ಚಿನ ತೊಂದರೆ ಹುಡುಕುವ ಕೆಲಸ. ಎಂಜಿನ್ ಬಿಚ್ಚಿ ಜೋಡಿಸುವವರಿಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ಆದರೆ ಬೇರೆ ಯಾವ ರಿಪೇರಿಯಲ್ಲೂ ಕಾಯಿಲೆ ಇಷ್ಟು ನೇರವಾಗಿ ಅಂಗಾಲಿಗೆ ಬಂದು ಹೇಳುವುದಿಲ್ಲ. ಪೆಡಲ್ ಮೆತ್ತಗಿದೆಯೇ, ಗಟ್ಟಿಯಾಗಿದ್ದೂ ಮೆಲ್ಲಗೆ ಕೆಳಗಿಳಿಯುತ್ತಿದೆಯೇ, ಬಿಟ್ಟಾಗ ತಡವಾಗಿ ಮೇಲೇಳುತ್ತಿದೆಯೇ ಎಂಬುದನ್ನು ಗಮನಿಸುತ್ತ ಕೂತರೆ, ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ನಮ್ಮ ಮನೆಯದು ಟೊಯೊಟಾ ಕ್ವಾಲಿಸ್. ಇಂಡೋನೇಷ್ಯಾದ ಕಿಜಾಂಗ್ ಎಂಬ ಗಾಡಿಯ ಮೂಲದಿಂದ ಬಂದು, ನಮ್ಮ ಬಿಡದಿಯಲ್ಲಿ ತಯಾರಾಗಿ, 2000ದಲ್ಲಿ ರಸ್ತೆಗಿಳಿದು, 2005ರಲ್ಲಿ ಇನ್ನೋವಾಕ್ಕೆ ಜಾಗ ಬಿಟ್ಟುಕೊಟ್ಟ ಗಾಡಿ. ಮದುವೆ ದಿಬ್ಬಣ, ಧರ್ಮಸ್ಥಳದ ಯಾತ್ರೆ, ಅಡಿಕೆ ಮೂಟೆ ಎಲ್ಲಕ್ಕೂ ಒಗ್ಗಿಕೊಂಡ ಈ ಗಾಡಿಯನ್ನು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇನ್ನೂ ಮಾರಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಹತ್ತುವಾಗ ಎಡಗಾಲಿಗೆ ಬಿಡುವೇ ಇರುವುದಿಲ್ಲ. ಇಪ್ಪತ್ತು ವರ್ಷ ಹಾಗೆ ಒತ್ತಿಸಿಕೊಂಡ ರಬ್ಬರು ಸವೆಯುವುದು ಸಹಜ.

ಮಾರುತಿ 800ರಲ್ಲಿ ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸಲು ಒಂದು ಕೇಬಲ್ ಇತ್ತು. ಎಳೆದರೆ ಎಳೆಯುತ್ತದೆ, ಇಲ್ಲವೇ ಹರಿಯುತ್ತದೆ. ಕ್ವಾಲಿಸ್‌ನಲ್ಲಿ ಕೇಬಲಿನ ಜಾಗದಲ್ಲಿ ಎಣ್ಣೆಯಿದೆ. ಪೆಡಲ್ ಮುಂದಿನ ಗೋಡೆಯ ಆಚೆಗೆ ಮಾಸ್ಟರ್ ಸಿಲಿಂಡರ್, ಕೆಳಗೆ ಗೇರ್ ಬಾಕ್ಸ್ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್, ನಡುವೆ ಸಣ್ಣ ಪೈಪು, ಕೊನೆಗೆ ಗೇಣುದ್ದದ ರಬ್ಬರ್ ಹೋಸು. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು ಬ್ಲೇಸ್ ಪ್ಯಾಸ್ಕಲ್ ಬರೆದದ್ದು 1663ರಲ್ಲಿ, ಅವನು ತೀರಿಕೊಂಡ ಮೇಲೆ, ಅಚ್ಚಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಆ ತತ್ವದಿಂದಲೇ ಹೈಡ್ರಾಲಿಕ್ ಪ್ರೆಸ್ ಮಾಡಿ ಪೇಟೆಂಟ್ ಪಡೆದ. ಮೇಲಿನ ಸಿಲಿಂಡರಿನ ವ್ಯಾಸ 16 ಮಿಲಿಮೀಟರ್, ಕೆಳಗಿನದು 20 ಎಂದು ಇಟ್ಟುಕೊಳ್ಳಿ. ಕೆಳಗೆ ಸಿಗುವ ಬಲ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆದರೆ ಪಿಸ್ಟನ್ ಸರಿಯುವ ದೂರ ಅಷ್ಟೇ ಪಟ್ಟು ಕಡಿಮೆ. ಕ್ಲಚ್ಚಿನ ಬಹಳಷ್ಟು ಕಾಯಿಲೆಗಳ ಬೇರು ಈ ದೂರದ ಲೆಕ್ಕದಲ್ಲಿದೆ. ಸ್ಲೇವಿನ ರಾಡು ಒಂದೆರಡು ಮಿಲಿಮೀಟರ್ ಕಡಿಮೆ ಸರಿದರೂ ಸಾಕು, ಕ್ಲಚ್ ಪ್ಲೇಟು ಪೂರ್ತಿ ಬಿಡುವುದಿಲ್ಲ, ಗೇರು ಬೀಳುವುದಿಲ್ಲ.

ಮೊದಲ ಸುಳಿವು ಸಾಮಾನ್ಯವಾಗಿ ಸಿಗುವುದು ರಿವರ್ಸ್‌ನಲ್ಲಿ. ಹಳೆಯ ಗೇರ್ ಬಾಕ್ಸುಗಳಲ್ಲಿ ಹೆಚ್ಚಾಗಿ ರಿವರ್ಸ್‌ಗೆ ಗೇರುಗಳ ವೇಗ ಸರಿಹೊಂದಿಸುವ ಸಿಂಕ್ರೊ ಇರುವುದಿಲ್ಲ. ಗಾಡಿ ನಿಂತಿದೆ, ಎಂಜಿನ್ ಓಡುತ್ತಿದೆ, ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ತಡೆದು ರಿವರ್ಸ್ ಹಾಕುತ್ತೇನೆ. ಕರ್ರ್ ಎಂದರೆ ಒಳಗೆ ಪ್ಲೇಟು ಇನ್ನೂ ತಿರುಗುತ್ತಿದೆ. ಆಗ ಪೆಡಲನ್ನು ಬೇಗ ಬೇಗ ಮೂರು ನಾಲ್ಕು ಸಲ ತುಳಿದು ಮತ್ತೆ ಹಾಕುತ್ತೇನೆ. ಈಗ ಸದ್ದಿಲ್ಲದೆ ಬಿತ್ತೋ, ತಪ್ಪು ಎಣ್ಣೆಯ ದಾರಿಯಲ್ಲಿದೆ, ಗೇರ್ ಬಾಕ್ಸಿನಲ್ಲಲ್ಲ. ಆ ಕ್ಷಣ ಮನಸ್ಸಿಗಾಗುವ ಖುಷಿಯನ್ನು ನಾನು ಬೇರೆ ಹವ್ಯಾಸಗಳಲ್ಲಿ ಕಂಡಿಲ್ಲ.

ಆಮೇಲೆ ಬಾನೆಟ್ ಎತ್ತಿ, ಮಾಸ್ಟರಿಗೆ ಎಣ್ಣೆ ಕೊಡುವ ಡಬ್ಬಿಯ ಮಟ್ಟ ನೋಡಬೇಕು. ಇಲ್ಲೊಂದು ಸೊಗಸಾದ ಸಂಗತಿಯಿದೆ. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ. ತನ್ನಷ್ಟಕ್ಕೆ ಹೊಂದಿಕೊಳ್ಳುವ ಸ್ಲೇವ್ ಇರುವ ಕ್ಲಚ್ಚಿನಲ್ಲಿ ಇದು ತದ್ವಿರುದ್ಧ. ಪ್ಲೇಟು ಸವೆದಂತೆ, ಸ್ಲೇವಿನ ರಾಡು ತಳ್ಳುವ ಫೋರ್ಕು ಅದರ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಎಣ್ಣೆ ಮೇಲಕ್ಕೇರುತ್ತದೆ. ಹಾಗಾಗಿ ಕ್ಲಚ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸೋರಿಕೆ ಇದ್ದೇ ಇದೆ. ಅದು ಸೋರುವ ಜಾಗಗಳೂ ಕೆಲವೇ. ಮಾಸ್ಟರಿನ ಹಿಂದಿನ ರಬ್ಬರ್ ವಾಷರ್ ಹೋಗಿದ್ದರೆ ಎಣ್ಣೆ ಪೆಡಲಿನ ಸರಳಿನ ಗುಂಟ ಇಳಿದು ಕಾಲಡಿಯ ಮ್ಯಾಟು ಒದ್ದೆಯಾಗಿರುತ್ತದೆ, ಗೋಡೆಯ ಬಣ್ಣ ಗುಳ್ಳೆಯೆದ್ದಿರುತ್ತದೆ. ಸ್ಲೇವ್ ಹೋಗಿದ್ದರೆ ಅದರ ರಬ್ಬರ್ ಟೊಪ್ಪಿಯನ್ನು ಬೆರಳಿನಿಂದ ಸರಿಸಿದ ಕೂಡಲೇ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಆ ಕಪ್ಪು ಸವೆದ ರಬ್ಬರಿನದು.

ಎಲ್ಲೂ ಸೋರಿಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ ಎಂದರೆ ಮಾಸ್ಟರಿನ ಒಳಗಿನ ವಾಷರ್ ಸವೆದು ಎಣ್ಣೆ ಅದನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ. ಕೆಸರುಗದ್ದೆಯಲ್ಲಿ ಕಾಲಿಟ್ಟ ಹಾಗೆ ಮೆತ್ತಗಿದ್ದರೆ ಗಾಳಿ ಸೇರಿದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೊದಲೇ ಚಿಕ್ಕದಾದ ಆ ದೂರವನ್ನು ಕಡಲೆ ಗಾತ್ರದ ಗುಳ್ಳೆ ತಿಂದುಬಿಡುತ್ತದೆ.

ಗೇರ್ ಬಾಕ್ಸ್ ಇಳಿಸೋಣ ಎಂದು ಮೊದಲ ಮಾತಿಗೇ ಹೇಳುವವರ ಹತ್ತಿರ ನಾನು ಗಾಡಿ ಬಿಡುವುದಿಲ್ಲ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಕೆಳಗೆ ಮಲಗಿ ಸ್ಲೇವಿನ ರಾಡು ಎಷ್ಟು ಸರಿಯಿತೆಂದು ಸ್ಕೇಲ್ ಹಿಡಿದು ನೋಡಲಿ. ಸರಿಯಬೇಕಾದಷ್ಟು ಸರಿದೂ ಗೇರು ಬೀಳದಿದ್ದರೆ ಮಾತ್ರ ಫೋರ್ಕು, ಪ್ರೆಷರ್ ಪ್ಲೇಟು, ಬೇರಿಂಗುಗಳ ಸರದಿ. ಎಂಜಿನ್ ರೇಸಾಗುತ್ತದೆ, ಗಾಡಿ ಏರು ಹತ್ತುವುದಿಲ್ಲ ಎಂಬ ದೂರಿಗೂ ಇದೇ ತಾಳ್ಮೆ ಬೇಕು. ಪ್ಲೇಟು ಸವೆದಿರಬಹುದು, ನಿಜ. ಆದರೆ ಒತ್ತಡ ಒಳಗೇ ಸಿಕ್ಕಿಕೊಂಡಿದ್ದರೂ ಕ್ಲಚ್ ಜಾರುತ್ತದೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಮಾಸ್ಟರ್ ಹತ್ತಿರ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ ನೋಡಿ. ಎಣ್ಣೆ ಚಿಮ್ಮಿ ಕ್ಲಚ್ ಹಿಡಿದುಕೊಂಡರೆ ದೋಷ ಮೇಲಿದೆ. ಪೆಡಲಿನ ಪುಷ್ ರಾಡಿಗೆ ಒಂದಿಷ್ಟು ಆಟ ಇರಲೇಬೇಕು. ಅದಿಲ್ಲದಿದ್ದರೆ ಎಣ್ಣೆ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಮೇಲೆ ಸಡಿಲಿಸಿದಾಗ ಏನೂ ಆಗದೆ, ಕೆಳಗೆ ಸ್ಲೇವಿನ ಗಾಳಿ ತೆಗೆಯುವ ನಿಪ್ಪಲ್ ಬಿಚ್ಚಿದಾಗ ಕ್ಲಚ್ ಹಿಡಿದರೆ, ನಡುವಿನ ಹೋಸಿನ ಒಳಪದರ ಊದಿ ದಾರಿ ಕಟ್ಟಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸೂ ಒಳಗೆ ಹೀಗಾಗಿರುತ್ತದೆ. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಖಚಿತ ಉತ್ತರ ಕೊಡುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಸಿಲಿಂಡರ್ ಬಿಚ್ಚಿದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಗೋಡೆ ಕನ್ನಡಿಯಂತಿದ್ದರೆ ಹೊಸ ವಾಷರುಗಳ ಕಿಟ್ ಸಾಕು. ಉಗುರಿಗೆ ತಾಗುವ ಗುಳಿಗಳಿದ್ದರೆ ಇಡೀ ಸಿಲಿಂಡರ್ ಹೊಸದೇ ಬೇಕು. ಆ ಗುಳಿ ಮಾಡುವುದು ನೀರು. ಡಾಟ್ 3 ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಇರಬೇಕಾದ ಅದರ ಕುದಿಬಿಂದು, ತೇವ ಹೀರಿದ ಮೇಲೆ 140 ಇದ್ದರೂ ಸಾಕೆಂದು ಮಾನದಂಡವೇ ಒಪ್ಪುತ್ತದೆ. ಬ್ರೇಕಿಗೆ ಈ ಕುದಿತ ದೊಡ್ಡ ಅಪಾಯ, ಕ್ಲಚ್ಚಿಗೆ ತುಕ್ಕು. ಮಳೆಗಾಲವಿಡೀ ಬಟ್ಟೆಯೇ ಒಣಗದ ನಮ್ಮ ಕಡೆ, ಅರ್ಧ ಖಾಲಿಯಾಗಿ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬಾಟಲಿಯ ಎಣ್ಣೆಯನ್ನು ಹಾಕಲೇಬಾರದು. ಎಂಜಿನ್ ಆಯಿಲನ್ನಂತೂ ಒಂದು ಹನಿಯೂ ಸೇರಿಸಬಾರದು, ವಾಷರುಗಳು ಊದಿ ಎಲ್ಲವೂ ಹಾಳು.

ಕೊನೆಯದು ಏರ್ ತೆಗೆಯುವುದು. ಇದಕ್ಕೆ ಜೊತೆ ಬೇಕು. ತಂಗಿಯ ಮಗಳು ರಜೆಗೆ ಬಂದಾಗ ಸೀಟಿನಲ್ಲಿ ಕೂರುವವಳು ಅವಳೇ. ನಾನು ಕೆಳಗೆ ಮಲಗಿ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸುತ್ತೇನೆ.

"ಒತ್ತು."

"ಒತ್ತಿದೆ ಮಾವ."

"ಹಿಡ್ಕೊ, ಬಿಡಬೇಡ."

ನಿಪ್ಪಲ್ ಕಾಲು ಸುತ್ತು ಸಡಿಲ, ಗುಳ್ಳೆಗಳ ಸಾಲು, ನಿಪ್ಪಲ್ ಬಿಗಿ. "ಈಗ ಬಿಡು." ಬಿಗಿಯುವ ಮೊದಲು ಪೆಡಲ್ ಬಿಟ್ಟರೆ ಹೋದ ಗಾಳಿ ಹಾಗೇ ವಾಪಸು. ಡಬ್ಬಿ ಬರಿದಾದರೂ ಅಷ್ಟೇ, ಅದಕ್ಕೇ ನಡುನಡುವೆ ಅವಳೇ ಇಳಿದು ಎಣ್ಣೆ ತುಂಬುತ್ತಾಳೆ. ಹಟಮಾರಿ ಗುಳ್ಳೆ ಮೇಲಿನ ತಿರುವಿನಲ್ಲಿ ಕೂತಿದ್ದರೆ ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ತಳ್ಳುತ್ತೇನೆ. ಗಾಳಿ ಹೇಗೂ ಮೇಲಕ್ಕೆ ಹೋಗುವಂಥದ್ದು, ಅದರ ದಾರಿಗೆ ನಾವು ನೆರವಾದರೆ ಬೇಗ ಮುಗಿಯುತ್ತದೆ.

ಗುಳ್ಳೆ ನಿಂತು ಬರೀ ತಿಳಿ ಎಣ್ಣೆ ಬರತೊಡಗಿದಾಗ ನಾನು ಹೇಳುವ ಮೊದಲೇ ಅವಳ ದನಿ ಬರುತ್ತದೆ: "ಮಾವ, ಈಗ ಮೇಲೇ ಹಿಡೀತಿದೆ!" ಅವಳ ಕಾಲಿಗೂ ಇದು ತಿಳಿಯತೊಡಗಿದೆ ಎಂಬುದು ನನಗೆ ಹೆಮ್ಮೆ. ನಿಪ್ಪಲ್‌ನ ಟೊಪ್ಪಿ ಹಾಕಿ, ಎಣ್ಣೆ ಬಿದ್ದ ಕಡೆಗೆಲ್ಲ ನೀರು ಸುರಿದು ತೊಳೆಯುತ್ತೇವೆ, ಇಲ್ಲದಿದ್ದರೆ ಬಣ್ಣ ಏಳುತ್ತದೆ. ಈ ಸಲ ಮಾಸ್ಟರ್, ಸ್ಲೇವ್ ಎರಡೂ ಹೊಸವು. ಹೋಸು ಮಾತ್ರ ಹಳೆಯದೇ ಇದೆ, ಜೂನ್ ಮಳೆ ಹಿಡಿಯುವ ಮೊದಲು ಅದನ್ನೂ ಬದಲಿಸಬೇಕು. ಆಗ ಕೆಳಗೆ ಮಲಗುವವಳು ಅವಳು, ಪೆಡಲ್ ಒತ್ತುವವನು ನಾನು ಎಂದು ಈಗಲೇ ಮಾತಾಗಿದೆ.