ಮಗು ಜೊತೆಗಿದ್ದರೆ ಮಾತ್ರ ಪ್ರವೇಶ

ಲಂಡನ್ ನೋಡಲು ಹೋದವರು ಬಿಗ್ ಬೆನ್ ಗಡಿಯಾರ, ಬಕಿಂಗ್‌ಹ್ಯಾಮ್ ಅರಮನೆ, ಥೇಮ್ಸ್ ನದಿಯ ಸೇತುವೆ, ಬ್ರಿಟಿಷ್ ಮ್ಯೂಸಿಯಂ ಇಷ್ಟನ್ನು ನೋಡಿ, ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮರಳುವುದು ವಾಡಿಕೆ. ಬ್ರಿಟಿಷ್ ಮ್ಯೂಸಿಯಂನಿಂದ ಸ್ವಲ್ಪ ದೂರ ನಡೆದರೆ ಗಿಲ್ಫರ್ಡ್ ರಸ್ತೆಯಲ್ಲಿ ಏಳು ಎಕರೆಯ ಒಂದು ಆಟದ ಮೈದಾನವಿದೆ. ಹೆಸರು ಕೋರಮ್ಸ್ ಫೀಲ್ಡ್ಸ್. ದೊಡ್ಡವರ ಜೊತೆಯಿಲ್ಲದ ಮಕ್ಕಳನ್ನು ಒಳಗೆ ಬಿಡದ ಜಾಗಗಳು ಲೋಕದಲ್ಲಿ ಎಷ್ಟೋ ಇವೆ. ಇಲ್ಲಿಯ ನಿಯಮ ತಲೆಕೆಳಗು. ಮಗುವನ್ನು ಕರೆತರದ ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ!

ಈ ನಿಯಮದ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಹೆತ್ತವರಿಂದ ದೂರವಾದ ಮಗುವನ್ನು ಬೇರೆಯವರ ಮನೆಯಲ್ಲಿ ಬೆಳೆಸುವುದು ಹೇಗೆ ಎಂಬ ಪಾಠವನ್ನು ಲಂಡನ್ ನಗರ ಎರಡೂವರೆ ಶತಮಾನ ಕಲಿಯಿತು. ಮೊದಲ ಪಾಠದ ಬಹುಭಾಗ ನಡೆದದ್ದು ಇದೇ ನೆಲದ ಮೇಲೆ.

ಅರ್ಧ ಹೃದಯ

ಥಾಮಸ್ ಕೋರಮ್ ಹಡಗಿನ ಕ್ಯಾಪ್ಟನ್. ಸ್ವಂತ ಮಕ್ಕಳಿರಲಿಲ್ಲ. ಲಂಡನ್ನಿನ ಬೀದಿಬದಿಯಲ್ಲಿ ಯಾರೋ ಬಿಟ್ಟುಹೋದ ಹಸುಗೂಸುಗಳು ಸಾಯುವುದನ್ನು ಕಂಡು ಅವನ ಕರುಳು ಹಿಂಡಿತು. ಹದಿನೇಳು ವರ್ಷ ಶ್ರೀಮಂತರ ಮನೆಬಾಗಿಲು ತಟ್ಟಿದ. ಕೊನೆಗೆ 1739ರಲ್ಲಿ ಎರಡನೆಯ ಜಾರ್ಜ್ ದೊರೆಯ ಸನ್ನದು ಸಿಕ್ಕಿತು. 1741ರ ಮಾರ್ಚ್ 25ರಂದು ಫೌಂಡ್ಲಿಂಗ್ ಹಾಸ್ಪಿಟಲ್ ಮೊದಲ ಕೂಸುಗಳನ್ನು ಎತ್ತಿಕೊಂಡಿತು. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ರೋಗಿಗಳ ಆಸ್ಪತ್ರೆಯಲ್ಲ, ಅನಾಥಾಲಯ. ಚಿತ್ರಕಾರ ಹೊಗಾರ್ತ್ ತನ್ನ ಚಿತ್ರಗಳನ್ನು ಕೊಟ್ಟ. ಸಂಗೀತಗಾರ ಹ್ಯಾಂಡೆಲ್ 1750ರಲ್ಲಿ ಇಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಕಚೇರಿ ನಡೆಸಿ ಹಣ ಕೂಡಿಸಿದ.

ಆ ಹಳೆಯ ಕಟ್ಟಡ ಈಗಿಲ್ಲ. ಮೈದಾನದ ಪಕ್ಕದ ಬ್ರನ್ಸ್‌ವಿಕ್ ಚೌಕದಲ್ಲಿ 2004ರಲ್ಲಿ ತೆರೆದ ಫೌಂಡ್ಲಿಂಗ್ ಮ್ಯೂಸಿಯಂ ಇದೆ. ಅಲ್ಲಿಯ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತವರು ಬೇಗ ಕದಲುವುದಿಲ್ಲ. ಒಳಗಿರುವುದು ವಜ್ರ ವೈಡೂರ್ಯವಲ್ಲ. ತೂತು ಕೊರೆದ ನಾಣ್ಯ, ಗುಂಡಿ, ಹೇಜಲ್ ಕಾಯಿಯ ಚಿಪ್ಪು, ಇಂಥ ಚಿಲ್ಲರೆ ವಸ್ತುಗಳು. ಮಗುವನ್ನು ಒಪ್ಪಿಸುವಾಗ ತಾಯಂದಿರು ಬಿಟ್ಟುಹೋದ ಗುರುತುಗಳಿವು. ಮುಂದೆಂದಾದರೂ ಬಂದು ಕೇಳಿದರೆ ಮಗು ಯಾರದೆಂದು ತಿಳಿಯಬೇಕಲ್ಲ! ಕುಂತಿ ಗಂಗೆಯಲ್ಲಿ ತೇಲಿಬಿಟ್ಟ ಕೂಸಿನ ಕಿವಿಯಲ್ಲೂ ಕುಂಡಲವಿತ್ತು. ಆ ಗುರುತು ಹಿಡಿದೇ ತಾಯಿ ಮಗನನ್ನು ಅರಿತಳು. ಇಲ್ಲಿಯ ಬಡ ತಾಯಂದಿರಿಗೆ ಬಟ್ಟೆಯ ಚೂರೇ ಕುಂಡಲ.

1767ರಲ್ಲಿ ಸಾರಾ ಬೆಂಡರ್ ಎಂಬ ತಾಯಿ ಹೃದಯದ ಆಕಾರ ಹೊಲಿದ ತೇಪೆಬಟ್ಟೆಯೊಂದನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಮಗುವಿನ ಕಾಗದಕ್ಕೆ ಸಿಕ್ಕಿಸಿ, ಇನ್ನರ್ಧವನ್ನು ತಾನಿಟ್ಟುಕೊಂಡಳು. ಎಂಟು ವರ್ಷದ ನಂತರ, 1775ರಲ್ಲಿ ಆ ಅರ್ಧವನ್ನು ಹಿಡಿದು ಬಂದು ಮಗನನ್ನು ಕರೆದೊಯ್ದಳು. ಇಂಥ ಭಾಗ್ಯ ಅಪರೂಪದ್ದು. 1741ರಿಂದ 1760ರವರೆಗೆ ಸೇರಿದ 16,282 ಕೂಸುಗಳಲ್ಲಿ ತಾಯಿಯ ಕೈಗೆ ಮರಳಿದವು 152 ಮಾತ್ರ.

ಎರಡನೆಯ ಅಗಲಿಕೆ

ಸೇರಿದ ಕೂಸುಗಳನ್ನು ಸಂಸ್ಥೆ ನಗರದಲ್ಲೇ ಇಟ್ಟುಕೊಳ್ಳುತ್ತಿರಲಿಲ್ಲ. ಹಳ್ಳಿಗಾಡಿನಲ್ಲಿ ಹಾಲೂಡಿಸುವ ಹೆಂಗಸರ ಮನೆಗಳಿಗೆ ಕಳಿಸುತ್ತಿತ್ತು. ಈ ಸಾಕುತಾಯಂದಿರಿಗೆ ವಾರದ ಸಂಬಳ, ಮಗುವಿಗೆ ಸಂಸ್ಥೆಯಿಂದ ಬಟ್ಟೆ. ಮೊದಲ ವರ್ಷ ಕೂಸನ್ನು ಬದುಕಿಸಿಕೊಂಡರೆ ಇನಾಮು. ಪ್ರತಿ ಊರಿಗೆ ಒಬ್ಬ ಮೇಲ್ವಿಚಾರಕ ಅಥವಾ ಮೇಲ್ವಿಚಾರಕಿ. ಹೆಂಗಸರಿಗೆ ಸಾರ್ವಜನಿಕ ಹೊಣೆಗಾರಿಕೆಯೇ ಇಲ್ಲದ ಆ ಕಾಲದಲ್ಲಿ ಎಷ್ಟೋ ಹೆಂಗಸರು ಸಂಬಳವಿಲ್ಲದೆ ಈ ಕೆಲಸ ಮಾಡಿದರು. ಮನೆಮನೆಗೆ ಹೋಗಿ ಮಗುವನ್ನು ನೋಡುವುದು, ಕಾಯಿಲೆಯಾದರೆ ಔಷಧ ಕೊಡಿಸುವುದು, ಲಂಡನ್ನಿಗೆ ವರದಿ ಬರೆಯುವುದು ಇವರ ಕೆಲಸ. ಸಾಕುಮನೆಗೆ ಹಣ ಕೊಟ್ಟರೆ ಸಾಲದು, ಬೆನ್ನ ಹಿಂದೆ ಒಬ್ಬರು ನಿಂತಿರಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಆದರೆ ಮಗುವಿನ ಮನಸ್ಸಿನ ತಿಳಿವಳಿಕೆ ಇರಲಿಲ್ಲ. ಮಗುವಿಗೆ ಸುಮಾರು ಐದು ವರ್ಷವಾದ ಕೂಡಲೆ ಗಾಡಿ ಹತ್ತಿಸಿ ಲಂಡನ್ನಿಗೆ ವಾಪಸು ಕರೆಸಿಕೊಳ್ಳುವುದು ಪದ್ಧತಿ. ಅಷ್ಟು ಹೊತ್ತಿಗೆ ಆ ಮಗುವಿನ ಪಾಲಿಗೆ ಅಮ್ಮನೆಂದರೆ ಸಾಕಿದವಳೇ. ಆ ಅಮ್ಮ ಒಂದೇ ದಿನದಲ್ಲಿ ಇಲ್ಲವಾಗುತ್ತಿದ್ದಳು. ನೂರಾರು ಮಕ್ಕಳ ನಡುವೆ ಸಮವಸ್ತ್ರ ತೊಟ್ಟು, ಗಂಟೆಗೊಂದು ಶಿಸ್ತಿನ ಬಾಳು. ಹೆತ್ತವಳಿಂದ ಒಮ್ಮೆ ಅಗಲಿದ ಮಗುವಿಗೆ ಇದು ಎರಡನೆಯ ಅಗಲಿಕೆ. ಸಾಕಿದವರ ಎದೆಗೂ ಇದೇ ಬೆಂಕಿ. ಸಂಬಳ ಬೇಡ, ಮಗುವನ್ನು ಬಿಟ್ಟುಕೊಡಿ ಎಂದು ಬೇಡಿಕೊಂಡವರೂ ಇದ್ದರು. ಈ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. 1926ರಲ್ಲಿ ಸಂಸ್ಥೆ ಲಂಡನ್ ಬಿಟ್ಟಿತು. ಮಕ್ಕಳನ್ನು ಒಟ್ಟಿಗಿಟ್ಟು ಬೆಳೆಸುವುದು 1954ರಲ್ಲಿ ನಿಂತಿತು.

ಬಾಂಬಿಗಿಂತ ದೊಡ್ಡ ಪೆಟ್ಟು

ಈ ಕಥೆಯ ಎರಡನೆಯ ಪಾಠ ನಡೆದದ್ದು ನಗರದ ವಾಯವ್ಯಕ್ಕಿರುವ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿ. ಸುರಂಗ ರೈಲಿನಲ್ಲಿ ಫಿಂಚ್ಲಿ ರೋಡ್ ನಿಲ್ದಾಣಕ್ಕೆ ಹೋಗಿ ಇಳಿದು ದಿಣ್ಣೆ ಹತ್ತಿದರೆ ಮೇರ್ಸ್‌ಫೀಲ್ಡ್ ಗಾರ್ಡನ್ಸ್ ಎಂಬ ಮರಗಳ ಬೀದಿ. 1938ರಲ್ಲಿ ನಾಜಿಗಳ ಕಾಟ ತಾಳಲಾರದೆ ವಿಯೆನ್ನಾ ಬಿಟ್ಟು ಬಂದ ಸಿಗ್ಮಂಡ್ ಫ್ರಾಯ್ಡ್ ಕೊನೆಯ ದಿನಗಳನ್ನು ಕಳೆದ ಮನೆ ಇಲ್ಲಿಯ 20ನೆಯ ನಂಬರಿನದು. ಪ್ರವಾಸಿಗಳು ಅವನ ಸೋಫಾ ನೋಡಲು ಬರುತ್ತಾರೆ. ಅದೇ ಮನೆಯಲ್ಲಿ 1982ರವರೆಗೆ ಬಾಳಿದ ಮಗಳು ಅನ್ನಾ ಫ್ರಾಯ್ಡ್ ಮಾಡಿದ ಕೆಲಸದ ಕಡೆಗೆ ಗಮನ ಹೋಗುವುದು ಕಡಿಮೆ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಆಕೆ ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಜೊತೆ ಸೇರಿ ಈ ಸುತ್ತಿನ ಬೀದಿಗಳಲ್ಲಿ ಶಿಶುವಿಹಾರಗಳನ್ನು ತೆರೆದಳು. ಮನೆ ಕಳೆದುಕೊಂಡ, ತಂದೆ ರಣರಂಗದಲ್ಲಿದ್ದು ತಾಯಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಪುಟ್ಟ ಮಕ್ಕಳು ಅಲ್ಲಿದ್ದರು. ಕೆಲಸಕ್ಕಿದ್ದ ಪ್ರತಿಯೊಬ್ಬರೂ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕೆಂದು ಕಟ್ಟಳೆ. ಒಲೆಗೆ ಇದ್ದಿಲು ಹಾಕುವವನಿಗೂ ಬಿಡುವಿಲ್ಲ. ಆ ಚೀಟಿಗಳಿಂದ ತಿಳಿದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಅಮ್ಮನ ಮಡಿಲಲ್ಲಿದ್ದ ಮಗು ಬಾಂಬಿನ ಸದ್ದನ್ನು ತಡೆದುಕೊಳ್ಳುತ್ತಿತ್ತು. ಅಮ್ಮನಿಂದ ದೂರವಾದ ಮಗು ಸುರಕ್ಷಿತ ಜಾಗದಲ್ಲೂ ಬಾಡುತ್ತಿತ್ತು.

ಆಗ ಆಕೆ ಒಂದು ಮಾರ್ಪಾಡು ಮಾಡಿದಳು. ಎಲ್ಲ ದಾದಿಯರೂ ಎಲ್ಲ ಮಕ್ಕಳನ್ನು ನೋಡುವ ಬದಲು, ನಾಲ್ಕಾರು ಮಕ್ಕಳಿಗೆ ಒಬ್ಬಳೇ ದಾದಿ ಎಂದು ಪುಟ್ಟ ಕುಟುಂಬಗಳನ್ನು ಮಾಡಿದಳು. ಫಲ ವಿಚಿತ್ರವಾಗಿತ್ತು. ಶಾಂತವಾಗಿದ್ದ ಮಕ್ಕಳು ಹಟ ಹಿಡಿದರು, ಅತ್ತರು, ತಮ್ಮ ದಾದಿಯನ್ನು ಬೇರೆಯವರು ಮುಟ್ಟಿದರೆ ಜಗಳವಾಡಿದರು. ಅದರ ಜೊತೆಗೇ ನಿಂತುಹೋಗಿದ್ದ ಮಾತು ಮರಳಿ ಬಂತು, ಬೆಳವಣಿಗೆ ಚುರುಕಾಯಿತು. ಪೆಟ್ಟು ತಿಂದ ಮಗು ಗಲಾಟೆ ಮಾಡತೊಡಗಿದರೆ ಅದು ಕೆಡುತ್ತಿದೆ ಎಂದೇ ಅರ್ಥವಲ್ಲ, ನಂಬಲು ಶುರುಮಾಡಿದೆ ಎಂದೂ ಇರಬಹುದು. ಇಂದು ಸಾಕುತಂದೆ ಸಾಕುತಾಯಂದಿರಿಗೆ ಹೇಳಿಕೊಡುವ ಮುಖ್ಯ ಪಾಠಗಳಲ್ಲಿ ಇದೂ ಒಂದು.

ಅದೇ ಯುದ್ಧದ ಕೊನೆಯ ಚಳಿಗಾಲದಲ್ಲಿ ದೇಶವನ್ನೇ ತಲೆತಗ್ಗಿಸುವಂತೆ ಮಾಡಿದ ಘಟನೆ ನಡೆಯಿತು. ಸರ್ಕಾರವೇ ಸಾಕುಮನೆಗೆ ಕಳಿಸಿದ್ದ ಡೆನಿಸ್ ಓನೀಲ್ ಎಂಬ 12 ವರ್ಷದ ಹುಡುಗ 1945ರ ಜನವರಿಯಲ್ಲಿ ಶ್ರಾಪ್‌ಷೈರಿನ ಹೊಲಮನೆಯೊಂದರಲ್ಲಿ ಹಸಿವು ಮತ್ತು ಹೊಡೆತದಿಂದ ಸತ್ತ. ವಿಚಾರಣೆಯಲ್ಲಿ ಹೊರಬಿದ್ದದ್ದು ಮೇಲ್ವಿಚಾರಣೆಯ ಲೋಪ. ಹೊಣೆ ಎರಡು ಕಚೇರಿಗಳ ನಡುವೆ ಜಾರಿಹೋಗಿತ್ತು. ಲಂಡನ್ನಿನ ವೆಸ್ಟ್ ಎಂಡಿನಲ್ಲಿ 1952ರಲ್ಲಿ ಶುರುವಾಗಿ, ಕೋವಿಡ್ ಕಾಲ ಬಿಟ್ಟರೆ ನಿಲ್ಲದೆ ನಡೆದುಕೊಂಡು ಬಂದಿರುವ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕಕ್ಕೆ ಪ್ರೇರಣೆ ಈ ಪ್ರಕರಣವೇ. ಪತ್ತೇದಾರಿ ಕಥೆಯೆಂದು ಟಿಕೆಟ್ ಕೊಳ್ಳುವ ಪ್ರವಾಸಿಗಳಲ್ಲಿ ಎಷ್ಟು ಜನಕ್ಕೆ ಆ ಹುಡುಗನ ಹೆಸರು ಗೊತ್ತೋ!

ಸರ್ಕಾರ ಮೈರಾ ಕರ್ಟಿಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1946ರಲ್ಲಿ ಆ ಸಮಿತಿ ಪೂರ್ಣ ವರದಿಗೂ ಮೊದಲು ಕೊಟ್ಟ ಮಧ್ಯಂತರ ವರದಿಯ ವಿಷಯ ಒಂದೇ: ಮಕ್ಕಳನ್ನು ನೋಡಿಕೊಳ್ಳುವವರಿಗೆ ತರಬೇತಿ. 1948ರಲ್ಲಿ ಮಕ್ಕಳ ಕಾಯ್ದೆ ಬಂತು.

ಜೇನ್ ಮತ್ತು ಜಾನ್

ಇದ್ದಿಲು ಹಾಕುತ್ತಿದ್ದವನೂ ಚೀಟಿ ಬರೆಯಬೇಕಿತ್ತಲ್ಲ, ಅವನೇ ಜೇಮ್ಸ್ ರಾಬರ್ಟ್‌ಸನ್. ಹೆಂಡತಿ ಜಾಯ್ಸ್ ಅದೇ ಶಿಶುವಿಹಾರದಲ್ಲಿ ತರಬೇತಿ ಪಡೆಯುತ್ತಿದ್ದಳು. 1948ರಲ್ಲಿ ಜೇಮ್ಸ್ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರ ಬಳಿ ಸೇರಿದರು. 1967ರಲ್ಲಿ ಈ ಕ್ಲಿನಿಕ್ ಕೂಡ ಹ್ಯಾಂಪ್‌ಸ್ಟೆಡ್ ಪಕ್ಕದ ಬೆಲ್‌ಸೈಜ್ ಲೇನಿಗೆ ಬಂತು.

1960ರ ದಶಕದಲ್ಲಿ ರಾಬರ್ಟ್‌ಸನ್ ದಂಪತಿ ತಾವೇ ಸಾಕುತಂದೆ ಸಾಕುತಾಯಿಯರಾದರು. ತಾಯಿ ಹೆರಿಗೆಗೋ ಚಿಕಿತ್ಸೆಗೋ ಆಸ್ಪತ್ರೆ ಸೇರಿದಾಗ ಮಗುವನ್ನು ತಮ್ಮ ಮನೆಗೆ ಕರೆತಂದು, ದಿನದಿನವೂ ಚಿತ್ರೀಕರಿಸಿದರು. ಹೀಗೆ ಬಂದವಳು 17 ತಿಂಗಳ ಜೇನ್. ಇದ್ದದ್ದು ಹತ್ತು ದಿನ. ಮಗು ಬರುವ ಮುಂಚೆಯೇ ಅವಳಿಗೆ ಇವರ ಪರಿಚಯ ಮಾಡಿಸಿದ್ದರು. ಏನು ತಿನ್ನುತ್ತಾಳೆ, ಹೇಗೆ ಮಲಗುತ್ತಾಳೆ ಎಲ್ಲವನ್ನೂ ಕೇಳಿ ತಿಳಿದಿದ್ದರು. ಅವಳ ಹೊದಿಕೆ, ಆಟಿಕೆ, ಅಮ್ಮನ ಫೋಟೊ ಜೊತೆಗೇ ಬಂದವು. ಅಮ್ಮನ ಮಾತನ್ನು ಮುಚ್ಚಿಡಲಿಲ್ಲ. ಜೇನ್ ಅತ್ತಳು, ರಚ್ಚೆಹಿಡಿದಳು. ಆದರೆ ಅಮ್ಮ ಬಂದಾಗ ಗುರುತು ಹಿಡಿದು ಮಡಿಲೇರಿದಳು.

ಜಾನ್ ಕೂಡ 17 ತಿಂಗಳ ಮಗುವೇ. ಅವನಿದ್ದದ್ದು ಒಂದು ಶಿಶುಗೃಹದಲ್ಲಿ, ಒಂಬತ್ತು ದಿನ. ಅಲ್ಲಿಯ ದಾದಿಯರು ಕೆಟ್ಟವರಲ್ಲ. ಆದರೆ ಪಾಳಿ ಬದಲಾದ ಹಾಗೆ ಮುಖವೂ ಬದಲಾಗುತ್ತಿತ್ತು. ಜಾನ್ ಒಬ್ಬೊಬ್ಬರ ಮಡಿಲನ್ನೂ ಹುಡುಕಿ ಸೋತ. ಕೊನೆಗೆ ದೊಡ್ಡದೊಂದು ಬೊಂಬೆ ಕರಡಿಯನ್ನು ತಬ್ಬಿಕೊಂಡು ಮಲಗಿದ. ಒಂಬತ್ತನೆಯ ದಿನ ಅಮ್ಮ ಬಂದಾಗ ಕಿರುಚಿಕೊಂಡು ಮುಖ ತಿರುಗಿಸಿದ. 1969ರ ಈ ಚಿತ್ರ ನೋಡಿದವರಿಗೆ ಮರೆಯುವುದು ಕಷ್ಟ. ಎರಡು ಮಕ್ಕಳ ನಡುವಿನ ವ್ಯತ್ಯಾಸ ಅನ್ನ ಬಟ್ಟೆಯದಲ್ಲ. ತನಗೆಂದೇ ಇರುವ, ಮೊದಲೇ ತಯಾರಾಗಿ ಬಂದ ಒಬ್ಬ ವ್ಯಕ್ತಿಯದು.

ಸಾಕುವವರಿಗೂ ಪಾಠ

ಈ ಅರಿವು ಇಂದು ಇಂಗ್ಲೆಂಡಿನಲ್ಲಿ ಪದ್ಧತಿಯಾಗಿದೆ. ಸಾಕುವುದೆಂದರೆ ದತ್ತು ತೆಗೆದುಕೊಳ್ಳುವುದಲ್ಲ. ಮಗುವಿನ ಹೆತ್ತವರು ಇದ್ದಾರೆ, ಮಗು ಒಂದು ದಿನ ಮರಳಲೂಬಹುದು. ಸಾಕುಮನೆಯಾಗಲು ಬಯಸುವವರು ಮೊದಲು ತರಬೇತಿಗೆ ಕೂರಬೇಕು. ನಂತರ ಮನೆಯವರ ಪರಿಶೀಲನೆ. ಒಪ್ಪಿಗೆ ಸಿಕ್ಕ ಮೇಲೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಇನ್ನೊಂದು ಹಂತದ ಕಲಿಕೆ ಮುಗಿಸಬೇಕು. ಪ್ರತಿ ಮನೆಗೂ ಒಬ್ಬ ಸಮಾಜ ಕಾರ್ಯಕರ್ತರು. ಅವರು ಮಗುವಿಗಲ್ಲ, ಸಾಕುವವರಿಗೇ ಇರುವವರು.

ತರಬೇತಿಯಲ್ಲಿ ಬರುವ ಉದಾಹರಣೆಗಳು ಸರಳ. ಮಗು ಹಾಸಿಗೆಯ ಕೆಳಗೆ ಬ್ರೆಡ್ ಬಚ್ಚಿಡುತ್ತದೆ. ಕಳ್ಳತನವೆಂದು ಬಯ್ಯುವುದು ಸುಲಭ. ಆದರೆ ದಿನಗಟ್ಟಲೆ ಹಸಿದಿದ್ದ ಮಗುವಿಗೆ ಅದು ನಾಳೆಯ ಭಯ. ಅಂಥ ಮಗುವಿನ ಕೋಣೆಯಲ್ಲಿ ಅದರದೇ ತಿಂಡಿ ಡಬ್ಬಿ ಇಟ್ಟರೆ ಭಯ ನಿಧಾನವಾಗಿ ಇಳಿಯುತ್ತದೆ. ಗಟ್ಟಿ ದನಿ ಕೇಳಿದರೆ ಮೇಜಿನಡಿ ಸೇರುವ ಮಗುವಿಗೆ ಶಿಸ್ತಿನ ಭಾಷಣ ತಲೆಗೆ ಹೋಗದು, ಮೊದಲು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ತರಗತಿಯಲ್ಲಿ ‘ಹುಟ್ಟಿದಾಗಿನ ಫೋಟೊ ತನ್ನಿ’ ಎಂದರೆ ಅದಿಲ್ಲದ ಮಗುವಿನ ಗತಿಯೇನು? ಅಂಥ ಗೆಳೆಯನಿಗೆ ‘ನಿನ್ನ ಅಪ್ಪ ಅಮ್ಮ ಯಾಕೆ ಜೊತೆಗಿಲ್ಲ?’ ಎಂದು ಕೆದಕದಿರುವುದು ಸಹಪಾಠಿಗಳೂ ಕಲಿಯಬೇಕಾದ ಪಾಠ.

ಇಷ್ಟಾದರೂ ಸಾಕುವವರು ದಣಿಯುತ್ತಾರೆ. ರಾತ್ರಿಯೆಲ್ಲ ಚೀರುವ ಮಗುವಿನ ಸಂಕಟ ಕೇಳುವವರನ್ನೂ ತಟ್ಟುತ್ತದೆ. ಇದಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಮಾಕಿಂಗ್‌ಬರ್ಡ್ ಎಂಬ ಏರ್ಪಾಡನ್ನು 2015ರಿಂದ ಇಂಗ್ಲೆಂಡಿನಲ್ಲಿ ಬೆಳೆಸಲಾಗಿದೆ. ಅನುಭವಸ್ಥ ಸಾಕುಮನೆಯೊಂದು ನಡುವೆ, ಅದರ ಸುತ್ತ ಆರರಿಂದ ಹತ್ತು ಸಾಕುಮನೆಗಳು. ಒಬ್ಬರಿಗೆ ಸಾಕಾದಾಗ ಮಗು ಒಂದೆರಡು ರಾತ್ರಿ ನಡುಮನೆಯಲ್ಲಿ ಮಲಗುತ್ತದೆ. ಹಳೆಯ ಕಾಲದಲ್ಲಿ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪನ ಮನೆಗಳು ಮಾಡುತ್ತಿದ್ದ ಕೆಲಸವೇ ಇದು.

ಕರ್ನಾಟಕಕ್ಕೂ ಅನ್ವಯಿಸುವ 2015ರ ಬಾಲನ್ಯಾಯ ಕಾಯ್ದೆಯ 44ನೆಯ ಕಲಂ ಮಗುವನ್ನು ಸಾಕು ಕುಟುಂಬದಲ್ಲಿ ಬೆಳೆಸಲು ಅವಕಾಶ ಕೊಟ್ಟಿದೆ. ಅಂಥ ಮನೆಯನ್ನು ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳೂ ನೋಡಿ ಬರಬೇಕೆಂದು ಅದೇ ಕಲಂ ಹೇಳುತ್ತದೆ. ಹಾಗೆ ಹೋದವರು ಮಗುವಿನ ತೂಕ, ಅಂಕಪಟ್ಟಿ ನೋಡಿದ ಮೇಲೆ ಇನ್ನೈದು ನಿಮಿಷ ಕೂತು ಮಾತಾಡಬೇಕು. ‘ಅಮ್ಮಾ, ನೀವು ಹೇಗಿದ್ದೀರಿ? ರಾತ್ರಿ ನಿದ್ದೆ ಬರುತ್ತಿದೆಯೆ?’ ಎಂದು ಸಾಕುತಾಯಿಯನ್ನು ಕೇಳಬೇಕು. ಮಗುವಿನ ಮುಂದಿನ ತಿಂಗಳು ಅವಳ ಉತ್ತರದ ಮೇಲೆ ನಿಂತಿರುತ್ತದೆ.